ಅಮೆರಿಕಕ್ಕೆ ಹೊರಟವರೇ, ತಾಯಿ ಕಾರ್ಡ್ ಮರೆಯಬೇಡಿ

ಸಂಪಾದಕರಿಗೆ,

ನಮಸ್ಕಾರ. ಅಮೆರಿಕಕ್ಕೆ ಹೋಗುವ ಕುಟುಂಬಗಳಿಗೆ ಪತ್ರಿಕೆಗಳಲ್ಲಿ ಒಂದು ಸಲಹೆ ಇದ್ದೇ ಇರುತ್ತದೆ: ಒಳ್ಳೆ ಸ್ಕೂಲ್ ಡಿಸ್ಟ್ರಿಕ್ಟ್ ನೋಡಿಕೊಂಡು ಮನೆ ಮಾಡಿ. ಸಲಹೆ ತಪ್ಪಲ್ಲ. ಆದರೆ ಒಳ್ಳೆಯದು ಅಂತ ಗೊತ್ತಾಗುವುದು ಹೇಗೆ ಎಂದು ಕೇಳಿದರೆ ಎಲ್ಲರೂ ಮೊಬೈಲ್ ತೆಗೆದು ಹತ್ತಕ್ಕೆ ಎಷ್ಟು ಅಂಕ ಅಂತ ತೋರಿಸುತ್ತಾರೆ. ನನ್ನ ತಕರಾರು ಆ ಅಂಕದ ಬಗ್ಗೆ.

ನಾನು ಅರಸೀಕೆರೆಯವಳು. ಈಗ ಟೆಕ್ಸಸ್‌ನಲ್ಲಿ, ಡಲ್ಲಾಸ್‌ನಿಂದ ಉತ್ತರಕ್ಕಿರುವ ಫ್ರಿಸ್ಕೊದಲ್ಲಿ ಇದ್ದೇನೆ. ಕೆಲಸ ಮಾಡುವ ಪರವಾನಗಿ ಸಿಕ್ಕ ಮೇಲೆ ಈ ಕಡೆಯ ಒಂದು ಪ್ರಾಥಮಿಕ ಶಾಲೆಯ ಆಫೀಸಿನಲ್ಲಿ ಕೂರುತ್ತೇನೆ. ಹೊಸ ಮಕ್ಕಳನ್ನು ದಾಖಲು ಮಾಡಿಕೊಳ್ಳುವ ಕೆಲಸ. ಭಾರತದಿಂದ ಯಾರಾದರೂ ಬಂದರೆ ಒಳಗಿದ್ದವರು ನನ್ನನ್ನೇ ಕರೆಯುತ್ತಾರೆ. ಕನ್ನಡದವರಾದರೆ ಮೊದಲ ಐದು ನಿಮಿಷ 'ಮೇಡಂ', ಆಮೇಲೆ 'ಅಕ್ಕಾ'. ಬರುವವರೆಲ್ಲ ಅಂಕ ನೋಡಿಯೇ ಬಂದಿರುತ್ತಾರೆ. ಕೌಂಟರಿನಲ್ಲಿ ಅವರು ಸಿಕ್ಕಿಹಾಕಿಕೊಳ್ಳುವುದು ಆ ಅಂಕಕ್ಕೆ ಸಂಬಂಧವೇ ಇಲ್ಲದ ವಿಷಯಗಳಲ್ಲಿ. ಅವುಗಳಲ್ಲಿ ಅರ್ಧ ಕೆಲಸವನ್ನು ಊರಲ್ಲೇ ಮುಗಿಸಿಕೊಂಡು ಬರಬಹುದು. ಅದಕ್ಕೇ ಈ ಪತ್ರವನ್ನು ಇಲ್ಲಿಯ ಪತ್ರಿಕೆಗೆ ಬರೆಯದೆ ನಿಮಗೆ ಬರೆಯುತ್ತಿದ್ದೇನೆ. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಹಾಕಿದ ಮೇಲೆ ಹೊಸಬರು ಕಡಿಮೆಯಾಗಬಹುದು. ಆದರೂ ಕಂಪನಿಯೇ ವರ್ಗ ಮಾಡಿ ಕಳಿಸುವ ಎಲ್-1 ವೀಸಾದಲ್ಲಿ ಬರುವವರು, ನ್ಯೂಜೆರ್ಸಿ ಬಿಟ್ಟು ಟೆಕ್ಸಸ್‌ಗೆ ಬರುವವರು ಇದ್ದೇ ಇದ್ದಾರೆ.

ಗೊತ್ತಿಲ್ಲದವರಿಗೆ ಎರಡು ಮಾತು. ಇಲ್ಲಿ ಶಾಲೆ ನಡೆಸುವುದು ಸ್ಕೂಲ್ ಡಿಸ್ಟ್ರಿಕ್ಟ್ ಎಂಬ ಸ್ಥಳೀಯ ಸಂಸ್ಥೆ. ಜನ ಆರಿಸಿದ ಮಂಡಳಿ, ತನ್ನದೇ ಆಸ್ತಿ ತೆರಿಗೆ, ತನ್ನದೇ ಬಸ್ಸು, ತನ್ನದೇ ಗಡಿ. ಇಡೀ ದೇಶದಲ್ಲಿ ಇಂಥವು 13,000 ದಾಟುತ್ತವೆ. ನಿಮ್ಮ ಮನೆ ಯಾವ ಗಡಿಯೊಳಗೆ ಇದೆಯೋ ಮಗುವಿಗೆ ಸಾಮಾನ್ಯವಾಗಿ ಅದೇ ಶಾಲೆ. ಫೀಸ್ ಇಲ್ಲ, ಡೊನೇಷನ್ ಇಲ್ಲ. ಆ ಡೊನೇಷನ್ ಮನೆ ಬಾಡಿಗೆಯಲ್ಲೇ ಸೇರಿಕೊಂಡಿರುತ್ತದೆ, ಅಷ್ಟೇ.

ಈ ಗಡಿ ಊರಿನ ಗಡಿಯಲ್ಲ ಅನ್ನುವುದೇ ಮೊದಲ ತೊಡಕು. ಫ್ರಿಸ್ಕೊ ಒಂದೇ ಊರಿನೊಳಗೆ ಫ್ರಿಸ್ಕೊ, ಲೂಯಿಸ್‌ವಿಲ್, ಲಿಟಲ್ ಎಲ್ಮ್, ಪ್ರಾಸ್ಪರ್ ಎಂಬ ನಾಲ್ಕು ಡಿಸ್ಟ್ರಿಕ್ಟ್ ಇವೆ. ಫ್ರಿಸ್ಕೊ ಡಿಸ್ಟ್ರಿಕ್ಟ್ ಅತ್ತ ಪ್ಲೇನೋ, ಮೆಕಿನ್ನಿ ಊರುಗಳ ಒಳಗೂ ಕಾಲು ಚಾಚಿದೆ. ಕ್ಯಾಲಿಫೋರ್ನಿಯಾದ್ದು ಇನ್ನೂ ತಮಾಷೆ. ಫ್ರೀಮಾಂಟ್ ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟ್ ಇರುವುದು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಆ ದಡದ ಕೂಪರ್ಟಿನೊ, ಸನಿವೇಲ್ ಕಡೆ. ಫ್ರೀಮಾಂಟ್ ಊರಿನದು ಫ್ರೀಮಾಂಟ್ ಯೂನಿಫೈಡ್. ವಾಟ್ಸಾಪಿನಲ್ಲಿ 'ಫ್ರೀಮಾಂಟ್ ಸ್ಕೂಲ್ಸ್ ಚೆನ್ನಾಗಿವೆ' ಅಂತ ಹೇಳಿದವರು ಯಾವುದನ್ನು ಹೇಳಿದರೋ! ಗಡಿಯೊಳಗೇ ಮನೆ ಮಾಡಿದರೂ ಆ ಶಾಲೆಯಲ್ಲೇ ಜಾಗ ಸಿಗುತ್ತದೆ ಅಂತಿಲ್ಲ. ಆ ಕ್ಲಾಸು ತುಂಬಿದ್ದರೆ ಜಾಗವಿರುವ ಪಕ್ಕದ ಶಾಲೆಗೆ ಕಳಿಸುತ್ತಾರೆ. ವರ್ಷದ ನಡುವೆ ಬರುವವರಿಗೆ ಇದು ಜಾಸ್ತಿ. ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆ ಅಪಾರ್ಟ್‌ಮೆಂಟಿನ ಪೂರ್ತಿ ವಿಳಾಸ ಕೊಟ್ಟು ಡಿಸ್ಟ್ರಿಕ್ಟ್ ಆಫೀಸಿಗೆ ಒಂದು ಮೇಲ್ ಹಾಕಿ: ಇದು ಯಾವ ಶಾಲೆ, ಈ ಕ್ಲಾಸಿನಲ್ಲಿ ಜಾಗ ಇದೆಯಾ. ಲೀಸಿಂಗ್ ಆಫೀಸಿನವರನ್ನು ಕೇಳಬೇಡಿ. ಅವರಿಗೆ ಮನೆ ಬಾಡಿಗೆಗೆ ಹೋದರೆ ಸಾಕು.

ಈಗ ಅಂಕದ ಕಥೆ. ಮನೆ ಹುಡುಕುವ ಆ್ಯಪ್‌ಗಳಲ್ಲಿ ಮನೆಯ ಪಕ್ಕದಲ್ಲೇ ಕಾಣುವ 1ರಿಂದ 10ರವರೆಗಿನ ಅಂಕ ಗ್ರೇಟ್‌ಸ್ಕೂಲ್ಸ್ ಸಂಸ್ಥೆ ಕೊಡುವುದು. ಅದರಲ್ಲಿ ಪರೀಕ್ಷೆಯ ಫಲಿತಾಂಶಕ್ಕೆ ದೊಡ್ಡ ಪಾಲು. ಅಪ್ಪ ಅಮ್ಮ ಇಬ್ಬರೂ ಎಂಜಿನಿಯರ್, ಸಂಜೆ ಮನೆಯಲ್ಲಿ ಗಣಿತದ ಟ್ಯೂಷನ್. ಇಂಥ ಮಕ್ಕಳೇ ತುಂಬಿದ ಶಾಲೆಗೆ 10 ಬರದೆ ಇನ್ನೇನು ಬರುತ್ತದೆ ಹೇಳಿ? ಅದರಲ್ಲಿ ಮೇಷ್ಟ್ರು ಎಷ್ಟು ಕಲಿಸಿದರು, ಮನೆಯವರು ಎಷ್ಟು ಕಲಿಸಿದರು? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಾನ್ ರಿಯರ್ಡನ್ ದೇಶದ ಬಹುತೇಕ ಎಲ್ಲ ಡಿಸ್ಟ್ರಿಕ್ಟ್‌ಗಳ ಪರೀಕ್ಷೆ ಲೆಕ್ಕ ತೆಗೆದು ನೋಡಿದರು. ಬಡವರೇ ಹೆಚ್ಚಿರುವ ಶಿಕಾಗೊ ಡಿಸ್ಟ್ರಿಕ್ಟಿನ ಮಕ್ಕಳು ಮೂರನೇ ಕ್ಲಾಸಿನಿಂದ ಎಂಟರವರೆಗಿನ ಐದು ವರ್ಷದಲ್ಲಿ ಆರು ವರ್ಷದಷ್ಟು ಕಲಿತಿದ್ದರು. ಸರಾಸರಿ ಅಂಕವನ್ನಷ್ಟೇ ನೋಡುವವರಿಗೆ ಇದು ಕಾಣುವುದೇ ಇಲ್ಲ. ಆ ಲೆಕ್ಕ ಸ್ಟ್ಯಾನ್‌ಫರ್ಡ್‌ನ ಜಾಲತಾಣದಲ್ಲಿ ಎಲ್ಲರಿಗೂ ಪುಕ್ಕಟೆ ಸಿಗುತ್ತದೆ. ನಮ್ಮವರು ನೋಡಿದ್ದನ್ನು ಮಾತ್ರ ನಾನು ಕಂಡಿಲ್ಲ.

ಹೈಸ್ಕೂಲ್ ಮಕ್ಕಳಿದ್ದವರಿಗೆ ಇನ್ನೊಂದು ಮಾತು. ಟೆಕ್ಸಸ್‌ನಲ್ಲಿ 1997ರ ಒಂದು ಕಾನೂನಿದೆ. ಹೈಸ್ಕೂಲಿನಲ್ಲಿ ಮೊದಲ 10 ಪರ್ಸೆಂಟ್ ಒಳಗೆ ಬಂದ ಮಕ್ಕಳಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳು ತಾವಾಗಿಯೇ ಸೀಟು ಕೊಡಬೇಕು. ಎಲ್ಲರೂ ಆಸೆಪಡುವ, ಆಸ್ಟಿನ್‌ನಲ್ಲಿರುವ ಟೆಕ್ಸಸ್ ವಿಶ್ವವಿದ್ಯಾಲಯಕ್ಕೆ ಮಾತ್ರ ಈ ಮಿತಿ ಇನ್ನೂ ಬಿಗಿ. 2026ರಿಂದ ಅದು 5 ಪರ್ಸೆಂಟ್. ಲೆಕ್ಕ ಆಯಾ ಶಾಲೆಯೊಳಗಿನದು. ಎಲ್ಲರೂ ಹುಡುಕಿಕೊಂಡು ಬಂದ ಶಾಲೆಯಲ್ಲಿ ಜಾಣ ಮಗು ಕೂಡ 12 ಪರ್ಸೆಂಟಿನಲ್ಲಿ ನಿಲ್ಲಬಹುದು. ಅದೇ ಮಗು ಪಕ್ಕದ ಡಿಸ್ಟ್ರಿಕ್ಟಿನಲ್ಲಿದ್ದಿದ್ದರೆ ಸೀಟು ಕೈಯಲ್ಲಿರುತ್ತಿತ್ತು. ಈ ಮಾತು ಹೇಳಿದಾಗ ಅಪ್ಪಂದಿರ ಮುಖ ನೋಡಬೇಕು!

ಕೌಂಟರಿನಲ್ಲಿ ಅತಿ ಹೆಚ್ಚು ಜಗಳ ಆಗುವುದು ಕ್ಲಾಸಿನ ವಿಷಯಕ್ಕೆ. ಟೆಕ್ಸಸ್‌ನಲ್ಲಿ ಸೆಪ್ಟೆಂಬರ್ 1ಕ್ಕೆ 5 ತುಂಬಿದ್ದರೆ ಕಿಂಡರ್‌ಗಾರ್ಟನ್, 6 ತುಂಬಿದ್ದರೆ ಒಂದನೇ ಕ್ಲಾಸ್. ಕರ್ನಾಟಕದಲ್ಲಿ ಒಂದನೇ ಕ್ಲಾಸಿಗೆ ಜೂನ್ 1ಕ್ಕೆ 6 ತುಂಬಿರಬೇಕು ಅಂತ ನಿಯಮ ಇದ್ದರೂ 2025-26ಕ್ಕೆ 5 ವರ್ಷ 5 ತಿಂಗಳಿಗೆ ಸಡಿಲಿಸಿದರು. ಹೀಗಾಗಿ 2019ರ ಅಕ್ಟೋಬರಿನಲ್ಲಿ ಹುಟ್ಟಿದ ಮಗು ಅಲ್ಲಿ 2025ರ ಜೂನಿನಲ್ಲಿ ಒಂದನೇ ಕ್ಲಾಸ್. ಇಲ್ಲಿ ಅದೇ ವರ್ಷದ ಆಗಸ್ಟಿನಲ್ಲಿ ಬಂದರೆ ಕಿಂಡರ್‌ಗಾರ್ಟನ್. 'ಅಕ್ಕಾ, ಒಂದು ವರ್ಷ ವೇಸ್ಟ್ ಆಗುತ್ತಲ್ವಾ? ಇವನಿಗೆ ಮಗ್ಗಿ ಎಲ್ಲ ಬರುತ್ತೆ' ಅಂತ ಒಬ್ಬರಲ್ಲ ಒಬ್ಬರು ಕೇಳುತ್ತಾರೆ. ಮಗ್ಗಿ ಬರುತ್ತೆ ಸರಿ, ಆದರೆ ಮಗು ಬಾತ್‌ರೂಮಿಗೆ ಹೋಗಬೇಕು ಅಂತ ಟೀಚರಿಗೆ ಇಂಗ್ಲಿಷಿನಲ್ಲಿ ಹೇಳಲಾರದೆ ತಡೆದುಕೊಂಡು ಕೂತಿರುತ್ತದೆ. ನನ್ನನ್ನು ಕೇಳಿದರೆ ಆ ವರ್ಷ ಮಗುವಿಗೆ ಸಿಕ್ಕ ಲಾಭ. ಬೇರೆ ರಾಜ್ಯದಲ್ಲಿ ಬೇರೆ ತಾರೀಕು. ನ್ಯೂಯಾರ್ಕ್ ನಗರದಲ್ಲಿ ಡಿಸೆಂಬರ್ 31. ಅಂದರೆ ಮಗು ಯಾವ ಕ್ಲಾಸು ಅನ್ನುವುದು ನೀವು ಇಳಿಯುವ ಊರಿನ ಮೇಲೆ ಹೋಗುತ್ತದೆ. ಇಷ್ಟು ದೊಡ್ಡ ವಿಷಯವನ್ನು ಬಿಟ್ಟು ಶಾಲೆಗೆ 9 ಅಂಕವಾ 10 ಅಂಕವಾ ಅಂತ ಚರ್ಚೆ ಮಾಡುತ್ತಾರೆ.

ತಾರೀಕು ಬರೆಯುವ ಕ್ರಮದಲ್ಲೂ ಒಂದು ಗುಂಡಿ ಇದೆ. ಜನನ ಪ್ರಮಾಣಪತ್ರದಲ್ಲಿ 05/09/2019 ಅಂತಿದ್ದರೆ ನಮಗೆ ಸೆಪ್ಟೆಂಬರ್ 5. ಇಲ್ಲಿನವರು ಮೊದಲು ತಿಂಗಳು ಓದುತ್ತಾರೆ, ಅವರಿಗೆ ಅದು ಮೇ 9. ಸೆಪ್ಟೆಂಬರ್ 1 ಗಡಿ ಆಗಿರುವಾಗ ಇದರಿಂದ ಕ್ಲಾಸೇ ಬದಲಾಗುತ್ತದೆ. ಪಾಸ್‌ಪೋರ್ಟ್ ಜೊತೆಗಿಟ್ಟು ತೋರಿಸಿ. ಊರಿನ ಪಂಚಾಯಿತಿಯಲ್ಲಿ ಕೈಬರಹದ ಹಳೇ ಪ್ರಮಾಣಪತ್ರ ಇದ್ದರೆ ಇಂಗ್ಲಿಷ್ ಕೂಡ ಇರುವ ಹೊಸ ಪ್ರತಿ ಮಾಡಿಸಿಕೊಂಡು ಬನ್ನಿ.

ಇನ್ನು ತಾಯಿ ಕಾರ್ಡ್. ಆರೋಗ್ಯ ಕೇಂದ್ರದಲ್ಲಿ ಕೊಟ್ಟ ಆ ಕಾರ್ಡಿನಲ್ಲಿ ಮಗುವಿನ ಲಸಿಕೆಗಳೆಲ್ಲ ಬರೆದಿರುತ್ತವೆ. ಬಹಳ ಜನ ಅದನ್ನು ಅಜ್ಜಿ ಮನೆಯ ಬೀರುವಿನಲ್ಲಿ ಬಿಟ್ಟು ಬರುತ್ತಾರೆ. ಮನೆಗೆ ಫೋನ್ ಮಾಡಿ ಫೋಟೊ ತರಿಸಿದರೆ ಮಸುಕು, ಸೀಲಿಲ್ಲ. ತಂದವರಿಗೂ ಒಂದು ತೊಂದರೆ ಇದೆ. ಸರ್ಕಾರಿ ಪಟ್ಟಿಯಲ್ಲಿ ಕೊಡುವುದು ದಡಾರ-ರುಬೆಲ್ಲಾ ಲಸಿಕೆ. ಟೆಕ್ಸಸ್ ಕೇಳುವುದು ಮಂಗನಬಾವೂ ಸೇರಿದ ಎಂಎಂಆರ್, ಅದೂ ಎರಡು ಡೋಸ್. ಚಿಕನ್ ಪಾಕ್ಸ್ ಲಸಿಕೆ ಎರಡು ಡೋಸ್, ಹೆಪಟೈಟಿಸ್ ಎ ಎರಡು ಡೋಸ್. ಇವು ನಮ್ಮ ಸರ್ಕಾರಿ ಪಟ್ಟಿಯಲ್ಲಿ ಇಲ್ಲ, ಖಾಸಗಿ ಮಕ್ಕಳ ಡಾಕ್ಟರ ಹತ್ತಿರ ಹಾಕಿಸಬೇಕು. ಹೆಪಟೈಟಿಸ್ ಎ ಎರಡನೇ ಡೋಸಿಗೆ ಆರು ತಿಂಗಳು ಕಾಯಬೇಕು. ಬೇಕಾದ ಪ್ರತಿ ಲಸಿಕೆಯ ಒಂದೊಂದು ಡೋಸಾದರೂ ಆಗಿದ್ದರೆ ತಾತ್ಕಾಲಿಕವಾಗಿ ಸೇರಿಸಿಕೊಳ್ಳುತ್ತೇವೆ. ಇಲ್ಲದಿದ್ದರೆ ಮಗುವನ್ನು ಮನೆಗೆ ವಾಪಸ್ ಕಳಿಸುವ ಕೆಲಸ ನನ್ನದು, ಅದು ನನಗೆ ಒಂಚೂರೂ ಇಷ್ಟವಿಲ್ಲ. ವೀಸಾ ಸಂದರ್ಶನದ ದಿನಾಂಕ ಸಿಕ್ಕ ಕೂಡಲೇ ಡಾಕ್ಟರ ಹತ್ತಿರ ಹೋಗಿ. ಎಲ್ಲ ಲಸಿಕೆಯ ಹೆಸರು, ತಾರೀಕು ಇಂಗ್ಲಿಷಿನಲ್ಲಿ ಬರೆಸಿ, ಸೀಲು ಹಾಕಿಸಿಕೊಳ್ಳಿ. ತಿಂಗಳನ್ನು ಅಂಕಿಯಲ್ಲಿ ಬರೆಯದೆ ಅಕ್ಷರದಲ್ಲಿ ಬರೆಯಲು ಹೇಳಿ.

ದಾಖಲಾತಿಯಲ್ಲಿ ಇನ್ನೊಂದು ಫಾರಂ ಇದೆ. ಮನೆಯಲ್ಲಿ ಹೆಚ್ಚಾಗಿ ಯಾವ ಭಾಷೆ ಮಾತಾಡುತ್ತೀರಿ, ಮಗು ಹೆಚ್ಚಾಗಿ ಯಾವ ಭಾಷೆ ಮಾತಾಡುತ್ತದೆ ಅಂತ ಕೇಳುತ್ತದೆ. ಕಣ್ಣೆದುರಿಗೇ ಮಗನಿಗೆ 'ಸುಮ್ನೆ ಕೂತ್ಕೊಳೋ' ಅಂತ ಗದರುತ್ತಾ ಕೈಯಲ್ಲಿ 'ಇಂಗ್ಲಿಷ್' ಅಂತ ಬರೆಯುತ್ತಾರೆ! ಮೊದಲೇ ಬಂದ ಸ್ನೇಹಿತರು ಹೇಳಿಕೊಟ್ಟಿರುತ್ತಾರೆ: ಕನ್ನಡ ಅಂತ ಬರೆದರೆ ಇಎಸ್ಎಲ್‌ಗೆ (ಇಂಗ್ಲಿಷ್ ಮನೆಮಾತಲ್ಲದ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಪಾಠ) ಹಾಕುತ್ತಾರೆ, ಮಗು ಹಿಂದೆ ಬೀಳುತ್ತದೆ. ಆಗುವುದು ಇಷ್ಟೇ. ಕನ್ನಡ ಅಂತ ಬರೆದರೆ ಮಗುವಿಗೆ ಒಂದು ಇಂಗ್ಲಿಷ್ ಪರೀಕ್ಷೆ ಕೊಡುತ್ತಾರೆ. ಚೆನ್ನಾಗಿ ಮಾಡಿದರೆ ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೆ ತರಬೇತಾದ ಶಿಕ್ಷಕರಿಂದ ಪುಕ್ಕಟೆ ಸಹಾಯ. ಬೇಡ ಅನ್ನುವ ಹಕ್ಕೂ ಪೋಷಕರಿಗೆ ಇದೆ. ಈ ಸಹಾಯ ಯಾರೋ ದಯೆಯಿಂದ ಕೊಟ್ಟಿದ್ದಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ಕುಟುಂಬಗಳು ಸುಪ್ರೀಂ ಕೋರ್ಟಿನವರೆಗೆ ಹೋಗಿ 1974ರಲ್ಲಿ ಗೆದ್ದುಕೊಂಡದ್ದು. ನಾಲ್ಕನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಗುವಿಗೆ ಅದನ್ನು ನಾವೇ ತಪ್ಪಿಸುವುದು ಯಾವ ನ್ಯಾಯ? ಡಿಸ್ಟ್ರಿಕ್ಟ್ ಆರಿಸುವಾಗ ಕೇಳಬೇಕಾದ ಒಳ್ಳೆಯ ಪ್ರಶ್ನೆ ಇದು: ಇಎಸ್ಎಲ್ ಶಿಕ್ಷಕರು ಈ ಶಾಲೆಯಲ್ಲೇ ಇರುತ್ತಾರಾ, ಅಥವಾ ಹಲವು ಶಾಲೆ ಸುತ್ತುತ್ತಾರಾ?

ಮಾತು ತಡವಾದ, ಆಟಿಸಂ ಇರುವ ಮಕ್ಕಳ ಅಪ್ಪ ಅಮ್ಮ ಪಿಸುದನಿಯಲ್ಲಿ ಮಾತಾಡುತ್ತಾರೆ, ಸೀಟು ಕೊಡುವುದಿಲ್ಲವೇನೋ ಅಂತ. ಸರ್ಕಾರಿ ಶಾಲೆ ಇಲ್ಲ ಅನ್ನುವಂತಿಲ್ಲ. ಮಗುವನ್ನು ಪರೀಕ್ಷಿಸಿ ಅಂತ ಬರವಣಿಗೆಯಲ್ಲಿ ಕೇಳಿದರೆ ಟೆಕ್ಸಸ್‌ನಲ್ಲಿ 15 ಶಾಲಾ ದಿನಗಳೊಳಗೆ ಉತ್ತರ ಕೊಡಬೇಕು. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಆಯಿಷ್‌ನಲ್ಲಿ ತೋರಿಸಿದ್ದರೆ ಆ ರಿಪೋರ್ಟ್ ತನ್ನಿ. ಇಲ್ಲಿ ಮತ್ತೆ ಪರೀಕ್ಷೆ ಮಾಡುತ್ತಾರೆ, ಆದರೂ ಅದರಿಂದ ಮಾತು ಬೇಗ ಮುಂದುವರಿಯುತ್ತದೆ. ಈ ವಿಷಯದಲ್ಲಿ ಡಿಸ್ಟ್ರಿಕ್ಟ್ ಹೇಗಿದೆ ಎಂದು ಅಂಥದ್ದೇ ಮಗುವಿರುವ ಪೋಷಕರನ್ನು ಕೇಳಬೇಕು, ಅಂಕ ಏನೂ ಹೇಳದು. ಟೆಕ್ಸಸ್ ರಾಜ್ಯವೇ 2004ರಿಂದ ವಿಶೇಷ ಶಿಕ್ಷಣ ಪಡೆಯುವವರು ಒಟ್ಟು ಮಕ್ಕಳಲ್ಲಿ 8.5 ಪರ್ಸೆಂಟ್ ದಾಟಬಾರದು ಅನ್ನುವ ಗುರಿ ಇಟ್ಟು ಸಾವಿರಾರು ಮಕ್ಕಳಿಗೆ ಸಹಾಯ ತಪ್ಪಿಸಿತ್ತು. ಅದು ಕಾನೂನಿಗೆ ವಿರುದ್ಧ ಅಂತ ಕೇಂದ್ರ ಶಿಕ್ಷಣ ಇಲಾಖೆ ಹೇಳಿದ್ದು 2018ರಲ್ಲಿ. ಆ ವರ್ಷಗಳಲ್ಲೂ ಒಳ್ಳೆ ಅಂಕದ ಶಾಲೆಗಳಿಗೇನೂ ಬರ ಇರಲಿಲ್ಲ.

ಬಸ್ಸು: ಇಲ್ಲಿ ಸಾಮಾನ್ಯವಾಗಿ ಎರಡು ಮೈಲಿ ಆಚೆಯವರಿಗೆ ಮಾತ್ರ. 'ಶಾಲೆ ಹತ್ತಿರ' ಅಂತ ಖುಷಿಯಿಂದ ಒಂದೂವರೆ ಮೈಲಿಯಲ್ಲಿ ಮನೆ ಮಾಡಿದವರಿಗೆ ಬಸ್ಸಿಲ್ಲ. ಇರುವ ಒಂದು ಕಾರು ಗಂಡ ಆಫೀಸಿಗೆ ಒಯ್ದಿರುತ್ತಾರೆ. ಆಗಸ್ಟ್ ತಿಂಗಳ ಟೆಕ್ಸಸ್ ಬಿಸಿಲು ರಾಯಚೂರಿನವರಿಗೂ ಸಾಕೆನಿಸುತ್ತದೆ.

ಒಳ್ಳೆಯದು ಎಂದು ಹೆಸರಾದ ಡಿಸ್ಟ್ರಿಕ್ಟ್‌ಗಳ ಇನ್ನೊಂದು ಸಂಗತಿ ನಿಮ್ಮ ಓದುಗರಿಗೆ ಆಶ್ಚರ್ಯ ತರಬಹುದು. 2021ರಲ್ಲಿ ಕೂಪರ್ಟಿನೊದ ಪ್ರಾಥಮಿಕ ಶಾಲಾ ಡಿಸ್ಟ್ರಿಕ್ಟ್ ಶಾಲೆಗಳನ್ನು ಮುಚ್ಚಲು ನಿರ್ಧರಿಸಿತು. 2024ರಲ್ಲಿ ಪ್ಲೇನೋ ಡಿಸ್ಟ್ರಿಕ್ಟ್ ನಾಲ್ಕು ಶಾಲೆ ಮುಚ್ಚಲು ತೀರ್ಮಾನಿಸಿತು. ಕಾರಣ, ಮಕ್ಕಳಿಲ್ಲ. ಶಾಲೆಯ ಹೆಸರಿನಿಂದ ಮನೆಯ ಬೆಲೆ ಏರಿತು. ಸಣ್ಣ ಮಕ್ಕಳಿರುವ ಕುಟುಂಬಗಳಿಗೆ ಅಲ್ಲಿ ಮನೆ ಕೊಳ್ಳಲು ಆಗದಾಯಿತು. ಮೊದಲು ಬಂದವರ ಮಕ್ಕಳು ಓದು ಮುಗಿಸಿ ಹೋದರು. 10 ಅಂಕ ನೋಡಿ ಜಾಸ್ತಿ ಬಾಡಿಗೆ ಕೊಡುವವರು ಆ ಶಾಲೆ ಇನ್ನು ಎರಡು ವರ್ಷ ಇರುತ್ತದಾ ಅಂತಲೂ ವಿಚಾರಿಸುವುದು ಒಳ್ಳೆಯದು. ಮಂಡಳಿಯ ಸಭೆಗಳಿಗೆ ಯಾರು ಬೇಕಾದರೂ ಹೋಗಬಹುದು. ನಮ್ಮಂಥ ವೀಸಾದವರಿಗೆ ಓಟಿಲ್ಲ, ಕಿವಿ ಇದೆಯಲ್ಲ.

ಕೊನೆಗೆ, ಹೈಸ್ಕೂಲ್ ವಯಸ್ಸಿನ ಮಕ್ಕಳ ವಿಷಯ. ಊರಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೊಂದೇ ಮುಖ್ಯ ಅಂತ ಒಂಬತ್ತನೇ ಕ್ಲಾಸಿನದನ್ನು ಬಿಸಾಡಿರುತ್ತೇವೆ. ಇಲ್ಲಿ ಕಾಲೇಜಿನವರು ಒಂಬತ್ತರಿಂದಲೇ ಅಂಕ ನೋಡುತ್ತಾರೆ. ಎಂಟು, ಒಂಬತ್ತರ ಅಂಕಪಟ್ಟಿಗಳಿಗೆ ಮುಖ್ಯೋಪಾಧ್ಯಾಯರ ಸಹಿ, ಸೀಲು ಹಾಕಿಸಿ. ಓದಿದ ವಿಷಯಗಳ ಹೆಸರು ಇಂಗ್ಲಿಷಿನಲ್ಲಿ ಇರಲಿ. ಟಿಸಿ ಜೊತೆಗೇ ಕೇಳಿ. ಬೇಸಿಗೆ ರಜೆ ಶುರುವಾದ ಮೇಲೆ ಹೋದರೆ ಶಾಲೆಯ ಬಾಗಿಲಿಗೆ ಬೀಗ ಇರುತ್ತದೆ. ಏಪ್ರಿಲ್ ಮೊದಲ ವಾರದೊಳಗೆ ಹೋಗಿ.

— ಅರಸೀಕೆರೆಯವಳು, ಫ್ರಿಸ್ಕೊ, ಟೆಕ್ಸಸ್