ಲ್ಯಾಟಿನ್ ಸೂಕ್ತಿಯನ್ನು ಪೂರ್ತಿಯಾಗಿ ಕೊಡಿ

ಮಾನ್ಯ ಸಂಪಾದಕರಿಗೆ,

ಕಾನೂನು ಮತ್ತು ಆಡಳಿತದ ಬಗ್ಗೆ ಬರೆಯುವವರು ಲ್ಯಾಟಿನ್ ಸೂಕ್ತಿಗಳನ್ನು ಉದ್ಧರಿಸುವುದು ಹಿಂದಿನಿಂದಲೂ ನಡೆದುಬಂದಿದೆ. ಕಾನೂನು ವಿದ್ಯಾರ್ಥಿಗಳಿಗೆ ಪಾಠ ಹೇಳುವ ನನಗೆ ಆ ಸೂಕ್ತಿಗಳೆಂದರೆ ಪ್ರೀತಿ. ಆದ್ದರಿಂದಲೇ ಅವನ್ನು ಮೂಲವಾಕ್ಯದಿಂದ ಕತ್ತರಿಸಿ, ಹೇಳಿದವರ ಉದ್ದೇಶಕ್ಕೆ ವಿರುದ್ಧವಾಗಿ ಬಳಸುವುದನ್ನು ಕಂಡಾಗ ಸುಮ್ಮನಿರಲು ಆಗುವುದಿಲ್ಲ.

'ಸಾಲುಸ್ ಪೊಪುಲಿ ಸುಪ್ರೇಮಾ ಲೆಕ್ಸ್', ಅಂದರೆ ಜನರ ಕ್ಷೇಮವೇ ಪರಮ ಕಾನೂನು, ಎಂಬ ಮಾತನ್ನೇ ನೋಡಿ. ಜನಹಿತಕ್ಕಾಗಿ ಸರ್ಕಾರ ಕಾನೂನನ್ನು ಬದಿಗಿಡಬಹುದು ಎಂಬ ವಾದಕ್ಕೆ ಇದನ್ನು ಆಧಾರವಾಗಿ ತರುವುದುಂಟು. ಆದರೆ ಪ್ರಾಚೀನ ರೋಮಿನ ರಾಜಕಾರಣಿ ಮತ್ತು ವಕೀಲ ಸಿಸೆರೊ 'ದೆ ಲೆಗಿಬುಸ್' (ಕಾನೂನುಗಳನ್ನು ಕುರಿತು) ಗ್ರಂಥದ ಮೂರನೆಯ ಭಾಗದಲ್ಲಿ ರೋಮಿನ ಅತ್ಯುನ್ನತ ಅಧಿಕಾರಿಗಳಾದ ಇಬ್ಬರು ಕಾನ್ಸಲ್‌ಗಳ ಅಧಿಕಾರವನ್ನು ನಿರೂಪಿಸುತ್ತಾ, ರಣಭೂಮಿಯಲ್ಲಿ ಅವರಿಗೆ ಪರಮಾಧಿಕಾರವಿರಲಿ, ಅವರು ಯಾರಿಗೂ ಅಧೀನರಾಗದಿರಲಿ ಎಂದು ಹೇಳಿ, ಅದರ ಬೆನ್ನಿಗೇ 'ಅವರಿಗೆ ಜನರ ಕ್ಷೇಮವೇ ಪರಮ ಕಾನೂನಾಗಿರಲಿ' ಎಂದು ವಿಧಿಸುತ್ತಾನೆ. ಮೂಲದಲ್ಲಿ ಮೊದಲಿಗೇ ಬರುವ 'ಒಲ್ಲಿಸ್', ಎಂದರೆ 'ಅವರಿಗೆ', ಎಂಬ ಪುಟ್ಟ ಪದ ಉದ್ಧರಣೆಯಲ್ಲಿ ಬಿದ್ದುಹೋಗುತ್ತದೆ. ಮೇಲೆ ಕೇಳುವವರಿಲ್ಲದ ಅಧಿಕಾರಿಗೆ ಹಾಕಿದ ಕಟ್ಟುಪಾಡು, ಆ ಪದ ಬಿದ್ದೊಡನೆ ಅವನ ಕೈಗಿತ್ತ ಪರವಾನಗಿಯಂತೆ ಕೇಳಿಸತೊಡಗುತ್ತದೆ.

'ದೊರೆಗೆ ಇಷ್ಟವಾದದ್ದಕ್ಕೆ ಕಾನೂನಿನ ಬಲವಿದೆ' ಎಂಬ ರೋಮನ್ ನ್ಯಾಯಶಾಸ್ತ್ರಜ್ಞ ಉಲ್ಪಿಯನ್‌ನ ಮಾತಿನ ಗತಿಯೂ ಇದೇ. ಜಸ್ಟಿನಿಯನ್ ಚಕ್ರವರ್ತಿ ಕ್ರಿ.ಶ. 533ರಲ್ಲಿ ಹೊರತಂದ 'ಡೈಜೆಸ್ಟ್' ಎಂಬ ರೋಮನ್ ಕಾನೂನಿನ ಸಂಕಲನದಲ್ಲಿ ಆ ವಾಕ್ಯ ಅಲ್ಲಿಗೇ ಮುಗಿಯುವುದಿಲ್ಲ. ಜನರು ಶಾಸನವೊಂದರ ಮೂಲಕ ತಮ್ಮ ಸಮಸ್ತ ಅಧಿಕಾರವನ್ನು ದೊರೆಗೆ ವಹಿಸಿರುವುದರಿಂದ ಹೀಗೆ ಎಂಬ ಕಾರಣವೂ ಅದರಲ್ಲಿದೆ. ಉಲ್ಪಿಯನ್ ಪ್ರಜಾಪ್ರಭುತ್ವದ ಪರವಾಗಿದ್ದನೆಂದು ನಾನು ಹೇಳುತ್ತಿಲ್ಲ. ಆದರೆ ಚಕ್ರವರ್ತಿಯ ಇಚ್ಛೆಯನ್ನು ಸಮರ್ಥಿಸಲು ಹೊರಟವನೂ ಜನರ ಹೆಸರನ್ನೇ ಹೇಳಬೇಕಾಯಿತು ಎಂಬುದನ್ನು ಮುಚ್ಚಿಟ್ಟರೆ ಓದುಗರಿಗೆ ಅನ್ಯಾಯವಾಗುತ್ತದೆ.

'ಆಯುಧಗಳ ನಡುವೆ ಕಾನೂನುಗಳು ಮೌನವಾಗಿರುತ್ತವೆ' ಎಂಬುದನ್ನು ಯುದ್ಧಕಾಲದ ಸರ್ಕಾರಗಳ ಪರವಾಗಿ ಉದ್ಧರಿಸುತ್ತಾರೆ. ಕ್ರಿ.ಪೂ. 52ರಲ್ಲಿ ಕೊಲೆಯ ಆರೋಪ ಹೊತ್ತ ಮಿಲೊ ಎಂಬ ರೋಮನ್ ರಾಜಕಾರಣಿಯ ವಕೀಲನಾಗಿ ಸಿಸೆರೊ ಮಾಡಿದ ವಾದವಿದು: ಕೊಲ್ಲಲು ಬಂದವನ ಎದುರು ನಿಂತವನಿಗೆ ನ್ಯಾಯಾಲಯದ ದಾರಿ ಕಾಯುತ್ತಾ ಕೂರು ಎಂದು ಕಾನೂನು ಹೇಳುವುದಿಲ್ಲ ಎಂಬುದಷ್ಟೇ ಅದರ ತಾತ್ಪರ್ಯ. ಒಬ್ಬ ಮನುಷ್ಯನ ಆತ್ಮರಕ್ಷಣೆಗಾಗಿ ಆಡಿದ ಮಾತು ಅದು; ಮಿಲೊ ಆ ಮೊಕದ್ದಮೆಯಲ್ಲಿ ಸೋತು ದೇಶಭ್ರಷ್ಟನಾದ. 'ಕಾವಲುಗಾರರನ್ನು ಕಾಯುವವರಾರು' ಎಂಬ ರೋಮನ್ ವಿಡಂಬನ ಕವಿ ಜುವೆನಲ್‌ನ ಪ್ರಶ್ನೆಗೂ ಮೂಲದಲ್ಲಿ ಸರ್ಕಾರದ ಸಂಬಂಧವಿಲ್ಲ, ಅದು ಹೆಂಡತಿಗೆ ಕಾವಲಿಡುವ ಗಂಡನ ಕುರಿತದ್ದು. ಆದರೂ ಅದರ ಇಂದಿನ ಬಳಕೆ ಅಧಿಕಾರವನ್ನು ಪ್ರಶ್ನಿಸುವುದರಿಂದ ನನಗೆ ತಕರಾರಿಲ್ಲ.

ನನ್ನ ವಿದ್ಯಾರ್ಥಿಗಳು ಉತ್ತರಪತ್ರಿಕೆಗಳಲ್ಲಿ ಈ ತುಂಡುಗಳನ್ನೇ ಬರೆಯುತ್ತಾರೆ. ಎಲ್ಲಿ ಓದಿದಿರಿ ಎಂದು ಕೇಳಿದರೆ ಪತ್ರಿಕೆಗಳತ್ತ ಬೆರಳು ತೋರಿಸುತ್ತಾರೆ. ಇಂಥ ಸೂಕ್ತಿಯನ್ನು ಅಚ್ಚು ಹಾಕುವಾಗ ಹೇಳಿದವರು ಯಾರು, ಯಾವ ಸಂದರ್ಭದಲ್ಲಿ ಎಂಬುದರೊಂದಿಗೆ ಇಡೀ ವಾಕ್ಯವನ್ನೂ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ಜಾಗ ಸಾಲದಿದ್ದರೆ ಲ್ಯಾಟಿನ್ ಬಿಟ್ಟು, ಕನ್ನಡದಲ್ಲಿ ಪೂರ್ತಿ ವಾಕ್ಯವನ್ನೇ ಕೊಡಿ.

ಇತಿ ತಮ್ಮ ವಿಶ್ವಾಸಿ,
ಕಾನೂನು ಅಧ್ಯಾಪಕ