ಕಾರಿನ ರೀಕಾಲ್ ಕಾಗದ ಬಂದರೆ

ಚಿ. ಪಲ್ಲವಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಆಡಿದ ಮಾತು ತಲೆಯಿಂದ ಹೋಗುತ್ತಲೇ ಇಲ್ಲ. ಏರ್‌ಬ್ಯಾಗ್ ರೀಕಾಲ್ ಅಂತ ಏನೋ ಕಾಗದ ಬಂದಿದೆ, ಕಾರು ಚೆನ್ನಾಗೇ ಓಡ್ತಿದೆ, ಬಿಡುವಾದಾಗ ನೋಡ್ತೀನಿ ಅಂದೆ. ರೀಕಾಲ್ ಅಂದರೆ ದೋಷವಿರುವ ಕಾರುಗಳನ್ನು ಕಂಪನಿಯೇ ರಿಪೇರಿಗೆ ವಾಪಸ್ ಕರೆಯುವುದು. ಡಿಕ್ಕಿಯಾದಾಗ ಉಬ್ಬಿ ಕಾಪಾಡುವ ಆ ಏರ್‌ಬ್ಯಾಗ್ ಚೀಲ ಕೆಟ್ಟಿದ್ದರೂ ಕಾರು ಚೆನ್ನಾಗೇ ಓಡುತ್ತದೆ ಮಗಳೇ. ಡಿಕ್ಕಿಯಾಗುವವರೆಗೆ ಆ ದೋಷ ಎಷ್ಟೋ ಸಲ ಯಾರ ಕಣ್ಣಿಗೂ ಬೀಳುವುದಿಲ್ಲ.

ಟಕಾಟಾ ಕಂಪನಿಯ ಏರ್‌ಬ್ಯಾಗ್‌ಗಳ ಕಥೆ ಕೇಳು. ಚೀಲ ಉಬ್ಬಿಸಲು ಅವರು ಅಮೋನಿಯಂ ನೈಟ್ರೇಟ್ ಎಂಬ ರಾಸಾಯನಿಕ ಬಳಸಿದ್ದರು. ವರ್ಷಾನುಗಟ್ಟಲೆ ಸೆಕೆ, ತೇವ ತಗುಲಿ ಅದು ಹಾಳಾಗುತ್ತಿತ್ತು. ಆಮೇಲೆ ಸಣ್ಣ ಡಿಕ್ಕಿಗೂ ಚೀಲ ಉಬ್ಬಿಸುವ ಸಾಧನವಾದ ಇನ್‌ಫ್ಲೇಟರಿನ ಲೋಹದ ಡಬ್ಬಿಯೇ ಸಿಡಿದು, ಚೂರುಗಳು ಮುಖಕ್ಕೂ ಕುತ್ತಿಗೆಗೂ ನುಗ್ಗುತ್ತಿದ್ದವು. ಅಮೆರಿಕ ಒಂದರಲ್ಲೇ ಸುಮಾರು 6.7 ಕೋಟಿ ಇನ್‌ಫ್ಲೇಟರ್‌ಗಳನ್ನು ವಾಪಸ್ ಕರೆಯಬೇಕಾಯಿತು. ರೀಕಾಲ್ ಆದ ಮೇಲೂ ರಿಪೇರಿಯಾಗದ ಕಾರುಗಳಲ್ಲಿ ಜನ ಸತ್ತಿದ್ದಾರೆ. ಕಾರು ಹಳೆಯದಾದಷ್ಟೂ ಇದರಲ್ಲಿ ಅಪಾಯ ಜಾಸ್ತಿ. ನಿನ್ನದೂ ಹಳೇ ಕಾರೇ ಅಲ್ವಾ?

ರೀಕಾಲ್ ರಿಪೇರಿಗೆ ಸಾಮಾನ್ಯವಾಗಿ ದುಡ್ಡು ತೆಗೆದುಕೊಳ್ಳುವುದಿಲ್ಲ. ಕಂಪನಿಯ ಸರ್ವಿಸ್ ಸೆಂಟರಿಗೆ ಇವತ್ತೇ ಫೋನ್ ಮಾಡು. ಬಿಡಿಭಾಗ ಬಂದಿಲ್ಲ ಎಂದರೆ, ಅಲ್ಲಿಯವರೆಗೆ ಓಡಿಸಬಹುದೇ ಎಂದು ನೇರವಾಗಿ ಕೇಳು. ಓಡಿಸಲೇಬೇಡಿ ಎಂದು ಹೇಳುವ ರೀಕಾಲ್‌ಗಳೂ ಇವೆ.

ಇನ್ನೊಂದು ವಿಷಯ. ನಿನ್ನದು ಸೆಕೆಂಡ್ ಹ್ಯಾಂಡ್ ಗಾಡಿ. ಹಿಂದಿನ ಮಾಲೀಕರ ಹೆಸರಿಗೆ ಬಂದ ಕಾಗದಗಳು ನಿನ್ನ ಕೈಗೆ ಸಿಕ್ಕಿರುವುದಿಲ್ಲ. 17 ಅಕ್ಷರ-ಅಂಕಿಗಳ ಚಾಸಿ ನಂಬರ್ ಕೊಟ್ಟು, ಬಾಕಿ ಇರುವ ರೀಕಾಲ್ ಎಲ್ಲವನ್ನೂ ಕೇಳಿ ತಿಳಿದುಕೋ.

ಕಾರಿನಲ್ಲಿ ನಿನಗೇ ಏನಾದರೂ ವಿಚಿತ್ರ ಕಂಡರೆ ಮೆಕ್ಯಾನಿಕ್‌ಗೆ ಹೇಳಿ ಸುಮ್ನಾಗಬೇಡ. ವಾಹನ ಸುರಕ್ಷತೆ ನೋಡಿಕೊಳ್ಳುವ ಸರ್ಕಾರದ ಇಲಾಖೆಗೂ ದೂರು ಬರೆ. ಹಿಂದೆ ನನ್ನ ಕಾರಿನ ಸ್ಟೀರಿಂಗ್ ಆಗಾಗ ಬಿಗಿದುಕೊಳ್ಳುತ್ತಿತ್ತು. ನಾನು ಯಾರಿಗೂ ಬರೆಯಲಿಲ್ಲ. ಎರಡು ವರ್ಷದ ಮೇಲೆ ಅದೇ ದೋಷಕ್ಕೆ ರೀಕಾಲ್ ಬಂತು. ಆ ಎರಡು ವರ್ಷ ಅದೇ ಕಾರು ಓಡಿಸಿದವರನ್ನು ನೆನೆದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಒಂದೊಂದೇ ದೂರು ಸೇರಿದರೆ ತಾನೇ ತನಿಖೆಗೆ ಜೀವ ಬರುವುದು? ಹಾಗೆ ಸೇರಿದರೂ ಕೆಲವೊಮ್ಮೆ ತಡವಾಗುತ್ತದೆ. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯ ಕೆಲವು ಕಾರುಗಳಲ್ಲಿ ಇಗ್ನಿಷನ್ ಸ್ವಿಚ್, ಅಂದರೆ ಕೀ ತಿರುಗಿಸಿ ಕಾರು ಚಾಲೂ ಮಾಡುವ ಸ್ವಿಚ್, ಸಡಿಲವಾಗಿತ್ತು. ಭಾರದ ಕೀ ಗೊಂಚಲು ಜಗ್ಗಿದರೂ ಸಾಕು, ಓಡುತ್ತಿದ್ದ ಕಾರಿನ ಎಂಜಿನ್ ಆಫ್ ಆಗುತ್ತಿತ್ತು, ಡಿಕ್ಕಿಯಾದಾಗ ಏರ್‌ಬ್ಯಾಗೂ ಬಿಚ್ಚಿಕೊಳ್ಳುತ್ತಿರಲಿಲ್ಲ. 2007ರಲ್ಲಿ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ದೂರುಗಳನ್ನು ನೋಡಿಯೂ ತನಿಖೆ ಬೇಡ ಎಂದು ಬಿಟ್ಟಿತು. ಕಂಪನಿ ಆ ಸ್ವಿಚ್ಚನ್ನು ಒಳಗೊಳಗೇ ಬದಲಾಯಿಸಿ, ಪಾರ್ಟ್ ನಂಬರ್ ಮಾತ್ರ ಹಳೆಯದನ್ನೇ ಇಟ್ಟಿತ್ತು; ಹೀಗಾಗಿ ಬದಲಾವಣೆ ಹೊರಗಿನವರಿಗೆ ಸುಲಭವಾಗಿ ಗೊತ್ತಾಗುವಂತಿರಲಿಲ್ಲ. ಇದನ್ನು ಓದಿದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ರೀಕಾಲ್ ಆದದ್ದು 2014ರಲ್ಲಿ. ಆ ದೋಷದಿಂದ ಆದದ್ದೆಂದು ಕಂಪನಿಯ ಪರಿಹಾರ ನಿಧಿಯವರು ಒಪ್ಪಿಕೊಂಡ ಸಾವುಗಳೇ 124.

ಸರ್ವಿಸ್ ಸೆಂಟರಿನವರು ಯಾವ ದಿನ ಕೊಟ್ಟರು ಅಂತ ರಾತ್ರಿ ಫೋನ್ ಮಾಡಿ ಹೇಳು. ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ