ರಷ್ಯಾದ ಪಾಠಕ್ಕೆ ಧಾನ್ಯದ ಲೆಕ್ಕವೂ ಬೇಕು

ಮಾನ್ಯರೇ,

ತುಮಕೂರಿನ ಗ್ರಂಥಾಲಯಗಳಲ್ಲಿ ಕೂತು ಕೆಎಎಸ್, ಪಿಡಿಒ ಪರೀಕ್ಷೆಗೆ ಓದುವ ಮಕ್ಕಳ ಗೈಡ್‌ಗಳಲ್ಲಿ ರಷ್ಯಾದ ಪಾಠ ಮೂರು ಸಾಲಿಗೆ ಮುಗಿದುಹೋಗುತ್ತದೆ. 1917ರಲ್ಲಿ ಲೆನಿನ್ ಝಾರ್ ದೊರೆಯನ್ನು ಕೆಳಗಿಳಿಸಿದ, ಸ್ಟಾಲಿನ್ ಸಾಮೂಹಿಕ ಕೃಷಿ ತಂದ, ಗೋರ್ಬಚೆವ್ ಕಾಲದಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು. ಮೊದಲ ಸಾಲು ತಪ್ಪು. ಉಳಿದೆರಡು ಸರಿಯಿದ್ದರೂ ಏಕೆ ಹಾಗಾಯಿತು ಎಂಬುದು ಅವುಗಳಲ್ಲಿಲ್ಲ. ರಾಗಿ ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಸರದಿ ಕಾಯುವ ಅಪ್ಪಂದಿರ ಮಕ್ಕಳಿಗೆ ಅದನ್ನು ಅರ್ಥಮಾಡಿಸುವುದು ಕಷ್ಟವೇನಲ್ಲ. ಬೆಳೆದವನ ಧಾನ್ಯಕ್ಕೆ ಸರ್ಕಾರ ಎಷ್ಟು ಬೆಲೆ ಕಟ್ಟಿತು, ಆ ದುಡ್ಡಿಗೆ ಅವನಿಗೆ ಏನು ಸಿಕ್ಕಿತು ಎಂಬ ಎರಡು ಪ್ರಶ್ನೆ ಹಿಡಿದು ಹೊರಟರೆ ಸಾಕು.

ಮೊದಲು ತಾರೀಖು ತಿದ್ದಿಕೊಳ್ಳೋಣ. 1918ರ ಜನವರಿವರೆಗೂ ರಷ್ಯಾ ಹಳೆಯ ಪಂಚಾಂಗದಲ್ಲೇ ಇತ್ತು, ನಮ್ಮ ಲೆಕ್ಕಕ್ಕಿಂತ 13 ದಿನ ಹಿಂದೆ. ಹಾಗಾಗಿ ‘ಫೆಬ್ರವರಿ ಕ್ರಾಂತಿ’ ನಮ್ಮ ಮಾರ್ಚಿನಲ್ಲಿ, ‘ಅಕ್ಟೋಬರ್ ಕ್ರಾಂತಿ’ ನಮ್ಮ ನವೆಂಬರಿನಲ್ಲಿ ಬೀಳುತ್ತವೆ. 1917ರ ಮಾರ್ಚ್ 8, ಮಹಿಳಾ ದಿನದಂದು, ಆಗಿನ ರಾಜಧಾನಿ ಪೆಟ್ರೊಗ್ರಾಡಿನ ಬಟ್ಟೆ ಗಿರಣಿಗಳ ಹೆಣ್ಣುಮಕ್ಕಳು ಬ್ರೆಡ್ ಕೊಡಿ ಎಂದು ಬೀದಿಗಿಳಿದರು. ವಾರ ಕಳೆಯುವಷ್ಟರಲ್ಲಿ ನಗರದ ಸೈನಿಕರೂ ಅವರ ಜೊತೆ ಸೇರಿದ್ದರು. ಮಾರ್ಚ್ 15ರಂದು ಪ್ಸ್ಕೋವ್ ನಿಲ್ದಾಣದಲ್ಲಿ ನಿಂತಿದ್ದ ರೈಲಿನೊಳಗೆ ಎರಡನೇ ನಿಕೊಲಾಸ್ ಪದತ್ಯಾಗದ ಪತ್ರಕ್ಕೆ ಸಹಿ ಹಾಕಿದ. ತಮ್ಮ ಮಿಖಾಯಿಲ್ ಮರುದಿನ ಪಟ್ಟ ಒಲ್ಲೆನೆಂದ. 1613ರಿಂದ ಆಳಿದ ರೊಮಾನೊವ್ ಮನೆತನದ ಕತೆ ಅಲ್ಲಿಗೆ ಮುಗಿಯಿತು. ಲೆನಿನ್ ಆಗ ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿದ್ದ. ಊರಿಗೆ ಬಂದದ್ದು ಏಪ್ರಿಲ್‌ನಲ್ಲಿ. ನವೆಂಬರ್ 7ರಂದು ಅವನ ಪಕ್ಷದವರಾದ ಬೊಲ್ಶೆವಿಕರು ಉರುಳಿಸಿದ್ದು ಝಾರ್ ಹೋದ ಮೇಲೆ ಬಂದಿದ್ದ ಕೆರೆನ್‌ಸ್ಕಿಯ ತಾತ್ಕಾಲಿಕ ಸರ್ಕಾರವನ್ನು.

ರಾಜಧಾನಿಯಲ್ಲಿ ಬ್ರೆಡ್ ಏಕಿರಲಿಲ್ಲ? ಯುದ್ಧಕ್ಕೆ ಮುಂಚೆ ರಷ್ಯಾ ಧಾನ್ಯ ರಫ್ತು ಮಾಡುತ್ತಿದ್ದ ದೇಶ. ತುರ್ಕಿಯವರು ಜಲಸಂಧಿ ಮುಚ್ಚಿದ ಮೇಲೆ ಕಪ್ಪು ಸಮುದ್ರದ ರಫ್ತು ನಿಂತಿತ್ತು, ಲೆಕ್ಕಕ್ಕೆ ಧಾನ್ಯ ಮಿಗಬೇಕಿತ್ತು. ಧಾನ್ಯ ಇತ್ತು ಕೂಡ, ರೈತನ ಕಣಜದಲ್ಲಿ. ಸರ್ಕಾರ ಖರೀದಿ ದರ ಕಟ್ಟಿಹಾಕಿತ್ತು. ಮೊಳೆ, ಬಟ್ಟೆ, ನೇಗಿಲು ಮಾಡುತ್ತಿದ್ದ ಕಾರ್ಖಾನೆಗಳು ಫಿರಂಗಿ ಗುಂಡು ಮಾಡತೊಡಗಿದ್ದವು. ನೋಟು ಮಾತ್ರ ಬೇಕಾದಷ್ಟು ಅಚ್ಚಾಗುತ್ತಿತ್ತು. ಕೊಳ್ಳಲು ಏನೂ ಸಿಗದ ನೋಟಿಗೆ ಯಾವ ರೈತ ಗೋಧಿ ಅಳೆದುಕೊಟ್ಟಾನು? ದನಕ್ಕೆ ಹಾಕಿದ, ಮುಂದಿನ ವರ್ಷಕ್ಕೆಂದು ಇಟ್ಟುಕೊಂಡ. ಹೊರಬಂದ ಅಷ್ಟಿಷ್ಟು ಧಾನ್ಯಕ್ಕೆ ದಕ್ಷಿಣದಿಂದ ಉತ್ತರಕ್ಕೆ ಹೊರುವ ರೈಲು ಬೋಗಿಗಳು ಸಿಗಲಿಲ್ಲ.

1916ರ ಡಿಸೆಂಬರಿನಲ್ಲಿ ಝಾರನ ಕೃಷಿ ಮಂತ್ರಿ ರಿಟಿಖ್ ಒಂದೊಂದು ಪ್ರಾಂತ್ಯ ಇಷ್ಟಿಷ್ಟು ಧಾನ್ಯ ಕೊಡಲೇಬೇಕೆಂದು ಪಾಲು ಹಾಕಿದ. ‘ಪ್ರೊದ್ರಾಜ್‌ವ್ಯೋರ್ಸ್ಟ್ಕಾ’ ಎಂಬ ಈ ಪದ ಬೊಲ್ಶೆವಿಕರದೆಂದೇ ಬಹಳ ಮಂದಿ ತಿಳಿದಿದ್ದಾರೆ. ಅವರಿಗೆ ಅದು ಝಾರನ ಕಚೇರಿಯಿಂದ ಬಂದ ಬಳುವಳಿ. ನಡುವೆ ಬಂದ ತಾತ್ಕಾಲಿಕ ಸರ್ಕಾರವೂ ಧಾನ್ಯದ ವ್ಯಾಪಾರವನ್ನು ತನ್ನ ಏಕಸ್ವಾಮ್ಯವೆಂದು ಘೋಷಿಸಿತ್ತು. ಬೊಲ್ಶೆವಿಕರು ಮಾಡಿದ ಬದಲಾವಣೆಯೆಂದರೆ ವಸೂಲಿಗೆ ಬಂದೂಕಿನ ದಳಗಳನ್ನು ಹಳ್ಳಿಗೆ ಕಳಿಸಿದ್ದು. ರೈತ ಬಿತ್ತನೆಯನ್ನೇ ಕಡಿಮೆ ಮಾಡಿದ. ತಾಂಬೋವ್ ಪ್ರಾಂತ್ಯ ದಂಗೆ ಎದ್ದಿತು. 1921ರ ಮಾರ್ಚಿನಲ್ಲಿ, ಕ್ರಾಂತಿಯ ಕಣ್ಮಣಿಗಳೆನಿಸಿದ್ದ ಕ್ರೋನ್‌ಸ್ಟಾಟ್ ನೌಕಾನೆಲೆಯ ನಾವಿಕರೇ ತಿರುಗಿಬಿದ್ದರು. ಅದೇ ತಿಂಗಳು ಲೆನಿನ್ ಪಕ್ಷದ 10ನೇ ಮಹಾಧಿವೇಶನದಲ್ಲಿ ವಸೂಲಿ ಕೈಬಿಟ್ಟು, ಗೊತ್ತಾದ ತೆರಿಗೆ ಕೊಟ್ಟ ಮೇಲೆ ಉಳಿದದ್ದನ್ನು ಮಾರಿಕೊಳ್ಳಲು ರೈತನಿಗೆ ಬಿಟ್ಟ. ‘ಹೊಸ ಆರ್ಥಿಕ ನೀತಿ’ ಎಂದು ಗೈಡ್‌ಗಳು ಉರು ಹೊಡೆಸುವುದು ಇಲ್ಲಿಂದ ಶುರುವಾದದ್ದನ್ನೇ. ಅಷ್ಟರಲ್ಲಿ ವೋಲ್ಗಾ ಬಯಲಿಗೆ ಬರ ಬಂದಾಗಿತ್ತು. 1921–22ರ ಕ್ಷಾಮದಲ್ಲಿ ಸುಮಾರು 50 ಲಕ್ಷ ಜನ ಸತ್ತರು.

ಮೂರನೇ ಸುತ್ತು 1927–28ರಲ್ಲಿ. ಸರ್ಕಾರದ ದರ ಕಡಿಮೆ, ಅಂಗಡಿಯಲ್ಲಿ ಸಾಮಾನಿಲ್ಲ, ರೈತ ಮತ್ತೆ ಧಾನ್ಯ ತಡೆದ. 1928ರ ಜನವರಿಯಲ್ಲಿ ಸ್ಟಾಲಿನ್ ತಾನೇ ಸೈಬೀರಿಯಾಕ್ಕೆ ಹೋಗಿ, ಮಾರದವರ ಮೇಲೆ ದಂಡಸಂಹಿತೆಯ ಲಾಭಕೋರತನದ ವಿರುದ್ಧದ 107ನೇ ಕಲಮು ಹಾಕಿಸಿದ. ಎರಡು ವರ್ಷದೊಳಗೆ ಹೊಲ, ಕುದುರೆ, ನೇಗಿಲು ಕೊಲ್ಖೋಜ್ ಎಂಬ ಸಾಮೂಹಿಕ ಬೇಸಾಯಕ್ಕೆ ಸೇರತೊಡಗಿದವು. ಕೊಡುವ ಬದಲು ಕೊಯ್ದು ತಿನ್ನೋಣವೆಂದು ರೈತರು ದನ ಕಡಿದರು. 1928ರಿಂದ 1933ರೊಳಗೆ ದೇಶದ ದನಕರು, ಕುದುರೆಗಳ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು.

ಕೊಲ್ಖೋಜ್‌ನ ಕಣದಲ್ಲಿ ರಾಶಿ ಹೇಗೆ ಹಂಚಿಕೆಯಾಗುತ್ತಿತ್ತು ಎಂಬುದನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು. ಮೊದಲ ಪಾಲು ಸರ್ಕಾರಕ್ಕೆ, ಸರ್ಕಾರವೇ ಗೊತ್ತುಮಾಡಿದ ಅಗ್ಗದ ದರಕ್ಕೆ. ಟ್ರ್ಯಾಕ್ಟರ್ ಕೊಲ್ಖೋಜ್‌ನದಲ್ಲ, ಸರ್ಕಾರದ ಯಂತ್ರ ಠಾಣೆಯದು. ಉಳುಮೆಯ ಬಾಡಿಗೆಯನ್ನೂ ಧಾನ್ಯದಲ್ಲೇ ಅಳೆಯಬೇಕು. ಆಮೇಲೆ ಬಿತ್ತನೆ ಬೀಜ, ದನದ ಮೇವು. ಕಣದ ತಳದಲ್ಲಿ ಉಳಿದದ್ದು ದುಡಿದವರಿಗೆ. ಅದೂ ದಿನದ ಲೆಕ್ಕವಲ್ಲ, ‘ತ್ರುದೊದೆನ್’ ಎಂಬ ಅಂಕದ ಲೆಕ್ಕ: ಹಗುರ ಕೆಲಸಕ್ಕೆ ದಿನಕ್ಕೆ ಅರ್ಧ ಅಂಕ, ಕುಶಲ ಕೆಲಸಕ್ಕೆ ಎರಡು. ಅಂಕಕ್ಕೆ ಎಷ್ಟು ಧಾನ್ಯ ಎಂಬುದು ವರ್ಷದ ಕೊನೆಗೇ ಗೊತ್ತಾಗುವುದು; ಒಮ್ಮೊಮ್ಮೆ ಏನೂ ಇಲ್ಲ. 1933ರಿಂದ ಇಳುವರಿಯನ್ನು ಕಣಕ್ಕೆ ಬಂದ ರಾಶಿಯಿಂದಲ್ಲ, ಹೊಲದಲ್ಲಿ ನಿಂತ ಪೈರು ನೋಡಿ ಅಂದಾಜಿಸಿದರು. ಕೊಯ್ಲಿನಲ್ಲಿ ಉದುರಿದ್ದು, ಮಳೆಗೆ ಕೊಳೆತದ್ದು, ಸಾಗಣೆಯಲ್ಲಿ ಚೆಲ್ಲಿದ್ದು ಎಲ್ಲವೂ ಲೆಕ್ಕದಲ್ಲಿ ‘ಬೆಳೆ’ಯಾಗಿಯೇ ಉಳಿಯಿತು.

ಕೊಯ್ದ ಹೊಲದಲ್ಲಿ ಹಕ್ಕಲು ಆಯುವುದು ನಮ್ಮ ಹಳ್ಳಿಗಳಲ್ಲಿ ಬಡವರ ಹಕ್ಕು, ಯಾರೂ ಬೇಡವೆನ್ನರು. 1932ರ ಆಗಸ್ಟ್ 7ರ ಕಾನೂನಿನ ಪ್ರಕಾರ ಕೊಲ್ಖೋಜ್‌ನ ಆಸ್ತಿ ಕದ್ದವರಿಗೆ ಮರಣದಂಡನೆ; ಕನಿಕರ ತೋರಿದರೆ 10 ವರ್ಷ ಸೆರೆ. ಬಿದ್ದ ತೆನೆ ಆಯ್ದವರೂ ಅದರಡಿ ಸಿಕ್ಕಿಬಿದ್ದದ್ದರಿಂದ ಜನ ಅದನ್ನು ‘ತೆನೆಗಳ ಕಾನೂನು’ ಎಂದೇ ಕರೆದರು. ಆ ಚಳಿಗಾಲ ಮತ್ತು ಮರುವರ್ಷ ಉಕ್ರೇನಿನಲ್ಲಿ 35 ಲಕ್ಷಕ್ಕೂ ಹೆಚ್ಚು ಜನ ಹಸಿವಿನಿಂದ ಸತ್ತರು. ಕಜಕಸ್ತಾನದಲ್ಲಿ 1930ರಿಂದ 1933ರೊಳಗೆ ಸತ್ತವರು ಸುಮಾರು 15 ಲಕ್ಷ. ಬರವೇ ಕಾರಣ ಎನ್ನುವವರು ಇನ್ನೊಂದು ಅಂಕಿಯನ್ನೂ ನೋಡಬೇಕು: 1932ರಲ್ಲೂ ದೇಶದಿಂದ 15 ಲಕ್ಷ ಟನ್ನಿಗೂ ಹೆಚ್ಚು ಧಾನ್ಯ ರಫ್ತಾಯಿತು. ಇದೇ ಆಡಳಿತ ಕೋಟ್ಯಂತರ ಜನಕ್ಕೆ ಓದು ಬರಹ ಕಲಿಸಿತು, ಹಿಟ್ಲರನ ಸೇನೆಯನ್ನು ಬರ್ಲಿನ್‌ವರೆಗೂ ಅಟ್ಟಿತು. ಅದನ್ನೂ ಹೇಳೋಣ, ಇದನ್ನು ಮುಚ್ಚದೆ ಹೇಳೋಣ.

ನಮ್ಮಲ್ಲಿ ಬೆಂಬಲ ಬೆಲೆಗಿಂತ ಹೆಚ್ಚು ಸಿಕ್ಕರೆ ರಾಗಿಯನ್ನು ಮಂಡಿಗೆ ಒಯ್ಯಬಹುದು. ಅಲ್ಲಿನ ರೈತ ಮಾರಿಕೊಳ್ಳಬಹುದಾಗಿದ್ದು ಮನೆಯ ಹಿತ್ತಲಿನದು ಮಾತ್ರ. 1935ರ ನಿಯಮದಂತೆ ಕುಟುಂಬಕ್ಕೆ ಸಾಮಾನ್ಯವಾಗಿ ಕಾಲರಿಂದ ಅರ್ಧ ಹೆಕ್ಟೇರು, ಅಂದರೆ ನಮ್ಮ ಲೆಕ್ಕದಲ್ಲಿ 25ರಿಂದ 50 ಗುಂಟೆ. ದೇಶದ ಸಾಗುವಳಿಯಲ್ಲಿ ನೂರಕ್ಕೆ ಮೂರು ನಾಲ್ಕು ಪಾಲಿನಷ್ಟಿದ್ದ ಈ ಹಿತ್ತಲುಗಳಿಂದಲೇ ಮುಂದೆ ಕೃಷಿ ಉತ್ಪನ್ನದ ಸುಮಾರು ಕಾಲು ಭಾಗ ಬರುತ್ತಿತ್ತು. ಊರು ಬಿಟ್ಟು ಹೋಗೋಣವೆಂದರೆ ಕೊಲ್ಖೋಜ್ ರೈತನಿಗೆ ಗುರುತಿನ ಪಾಸ್‌ಪೋರ್ಟ್ ಇರಲಿಲ್ಲ. ಎಲ್ಲರಿಗೂ ಕೊಡುವ ತೀರ್ಮಾನ ಆದದ್ದು 1974ರಲ್ಲಿ. ಜೀತದಾಳುಗಳ ವಿಮೋಚನೆಯಾದದ್ದು 1861ರಲ್ಲಿ ಎಂದು ಅದೇ ಗೈಡ್‌ನಲ್ಲಿದೆ. ಎರಡೂ ಇಸವಿಗಳನ್ನು ಅಕ್ಕಪಕ್ಕ ಇಟ್ಟು ಪಾಠ ಮಾಡಬೇಕು.

ಸ್ಟಾಲಿನ್ ನಂತರ ಹಗ್ಗ ಇನ್ನೊಂದು ತುದಿಯಿಂದ ಬಿಗಿಯಿತು. 1962ರ ಜೂನ್ 1ರಂದು ಮಾಂಸದ ಬೆಲೆ ಶೇ 30, ಬೆಣ್ಣೆಯದು ಶೇ 25ರಷ್ಟು ಏರಿತು. ಮರುದಿನ ನೊವೊಚೆರ್ಕಾಸ್ಕ್‌ನಲ್ಲಿ ಮೆರವಣಿಗೆ ಬಂದ ಕಾರ್ಮಿಕರ ಮೇಲೆ ಗುಂಡು ಹಾರಿ 26 ಜನ ಸತ್ತರು. ಆಮೇಲೆ ಬೆಲೆ ಮುಟ್ಟಲು ಯಾರಿಗೂ ಧೈರ್ಯ ಬರಲಿಲ್ಲ. ಸಾಕಿದವರಿಗೆ ಕೊಡುವ ದರ ಏರುತ್ತಾ ಹೋಯಿತು, ಅಂಗಡಿಯ ದರ ನಿಂತಲ್ಲೇ ನಿಂತಿತು; ಮಾಂಸ ಕೊಳ್ಳಲು ಸರ್ಕಾರಕ್ಕೆ ತಗಲುವ ಖರ್ಚೇ ಮಾರುವ ದರವನ್ನು ಮೀರಿತು. ಬ್ರೆಡ್ ಎಷ್ಟು ಅಗ್ಗವೆಂದರೆ ಅದನ್ನೇ ಹಂದಿಗೆ ಹಾಕುತ್ತಿದ್ದರು. 1963ರಿಂದ ಹೊರದೇಶದ ಧಾನ್ಯ ದೊಡ್ಡ ಪ್ರಮಾಣದಲ್ಲಿ ಬಂತು, 1980ರ ದಶಕದ ಕೆಲವು ವರ್ಷಗಳಲ್ಲಿ 4 ಕೋಟಿ ಟನ್ ದಾಟಿತು. ಅದಕ್ಕೆ ದುಡ್ಡು ಬರುತ್ತಿದ್ದುದು ಬಹುಪಾಲು ತೈಲದಿಂದ. 1985ರ ಕೊನೆಗೆ ಪೀಪಾಯಿಗೆ ಸುಮಾರು 30 ಡಾಲರ್ ಇದ್ದ ತೈಲ ಮರುವರ್ಷ 15ರ ಕೆಳಗಿಳಿಯಿತು. ಅದೇ ಹೊತ್ತಿಗೆ ಗೋರ್ಬಚೆವ್ ಮದ್ಯ ನಿಯಂತ್ರಣ ತಂದದ್ದರಿಂದ ವೋಡ್ಕಾದ ತೆರಿಗೆಯೂ ಕುಸಿಯಿತು. ಜನ ಮನೆಯಲ್ಲೇ ಕಳ್ಳಭಟ್ಟಿ ಇಳಿಸತೊಡಗಿ ಅಂಗಡಿಯಲ್ಲಿ ಸಕ್ಕರೆ ಮಾಯವಾಯಿತು.

1990ರಲ್ಲಿ ಬೆಳೆ ಚೆನ್ನಾಗಿತ್ತು. ಆದರೂ ಧಾನ್ಯ ಸರ್ಕಾರದ ಗೋದಾಮಿಗೆ ಬೇಕಾದಷ್ಟು ಬರಲಿಲ್ಲ. ಅಚ್ಚಾದ ರೂಬಲ್‌ಗೆ ಅಂಗಡಿಯಲ್ಲಿ ಏನೂ ಸಿಗುತ್ತಿರಲಿಲ್ಲ, ಹಾಗಾಗಿ ಕೊಲ್ಖೋಜ್‌ಗಳೇ ಧಾನ್ಯ ತಡೆದಿಟ್ಟುಕೊಂಡವು, ಥೇಟ್ 1916. 1991ರ ಜನವರಿಯಲ್ಲಿ 50 ಮತ್ತು 100 ರೂಬಲ್ ನೋಟು ರದ್ದಾಗಿ ಬದಲಾಯಿಸಿಕೊಳ್ಳಲು ಮೂರು ದಿನ ಕೊಟ್ಟರು. ಏಪ್ರಿಲ್‌ನಲ್ಲಿ ಬೆಲೆ ಏರಿಸಿದರು. ಗೋರ್ಬಚೆವ್ ವಿರುದ್ಧ ನಡೆದ ಆಗಸ್ಟ್ 19ರ ಕ್ಷಿಪ್ರಕ್ರಾಂತಿ ಮೂರೇ ದಿನದಲ್ಲಿ ಮುರಿದುಬಿತ್ತು. ಡಿಸೆಂಬರ್ 8ರಂದು ರಷ್ಯಾ, ಉಕ್ರೇನ್, ಬೆಲಾರಸ್ ನಾಯಕರು ಒಕ್ಕೂಟ ಇನ್ನಿಲ್ಲವೆಂದು ಸಹಿ ಹಾಕಿದರು. 25ರಂದು ಗೋರ್ಬಚೆವ್ ರಾಜೀನಾಮೆ ಕೊಟ್ಟರು. ಗಣರಾಜ್ಯಗಳ ಸ್ವಾತಂತ್ರ್ಯದ ಹಂಬಲ, ರಷ್ಯಾ ಗಣರಾಜ್ಯದ ನಾಯಕ ಯೆಲ್ಟ್ಸಿನ್ ಜೊತೆಗಿನ ಪೈಪೋಟಿ ಎಲ್ಲವೂ ಇದರಲ್ಲಿ ಸೇರಿದ್ದವು, ಅವನ್ನು ಗೈಡ್‌ಗಳು ಹೇಗೂ ಹೇಳುತ್ತವೆ.

ಗೈಡ್ ಅಚ್ಚು ಹಾಕುವವರಲ್ಲಿ ನಮ್ಮ ಬೇಡಿಕೆ ಸಣ್ಣದು. ಮುಂದಿನ ಮುದ್ರಣದಲ್ಲಿ ಮೊದಲ ಸಾಲನ್ನು ಹೀಗೆ ತಿದ್ದಿ: ‘1917ರ ಮಾರ್ಚಿನಲ್ಲಿ ಝಾರ್ ಪದತ್ಯಾಗ, ನವೆಂಬರಿನಲ್ಲಿ ತಾತ್ಕಾಲಿಕ ಸರ್ಕಾರದ ಪತನ, ಲೆನಿನ್ ಅಧಿಕಾರಕ್ಕೆ.’ ಆವರಣದಲ್ಲಿ ಹಳೆಯ ಪಂಚಾಂಗದ ತಾರೀಖನ್ನೂ ಕೊಡಿ. ಪ್ರಶ್ನೆಪತ್ರಿಕೆಯಲ್ಲಿ ಮಕ್ಕಳು ಎಡವುವುದು ಅಲ್ಲೇ.

– ಇತಿಹಾಸ ಉಪನ್ಯಾಸಕರು, ತುಮಕೂರು